ಐದು ಬೆರಳು ನೀರು

ಹೋದ ತಿಂಗಳು ನಮ್ಮ ಶಾಲೆಯ ಬಾವಿಯ ಮೋಟರು ನೀರೆತ್ತುವುದನ್ನು ನಿಲ್ಲಿಸಿತು. ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ ಪೈಪನ್ನು ಮೇಲಕ್ಕೆಳೆದು, ಅದರ ಬುಡದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಬಿಚ್ಚಿ, ಇಡಲು ಜಾಗ ಕಾಣದೆ ಪಕ್ಕದಲ್ಲಿ ನಿಂತಿದ್ದ ನನ್ನ ಕೈಗೇ ಕೊಟ್ಟ. "ಟೀಚರ್, ಚೂರು ಹಿಡ್ಕೋರಿ. ಒಳಗಿನ ರಬ್ಬರ್ ಹೋಗೈತಿ ಅನಸ್ತೈತಿ," ಎಂದ. ಪಾಚಿ, ಗ್ರೀಸು, ನೆನೆದ ಹಳೇ ರಬ್ಬರು, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ ಸಂಗನಕಲ್ಲಿನ ಗುಡ್ಡ ಬಿಸಿಲಿಗೆ ಕಾಯುತ್ತಿತ್ತು, ಮಕ್ಕಳು ತಟ್ಟೆ ತೊಳೆಯಲು ನೀರಿಲ್ಲವೆಂದು ಗಲಾಟೆ ಎಬ್ಬಿಸಿದ್ದರು. ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. "ಟೀಚರಿಗೆ ಬಿಸಿಲು ಹತ್ತೈತಿ," ಎಂದು ಅಡುಗೆಯವರು ಮಜ್ಜಿಗೆ ತಂದುಕೊಟ್ಟರು.

ನನಗೆ ಹತ್ತಿದ್ದು ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ಬಿಸಿಲು. ಆಗ ನಾನು ಬಿ.ಎಡ್. ಮುಗಿಸಿ, ನೌಕರಿಯ ಆರ್ಡರ್ ಕಾಯುತ್ತ ಊರಲ್ಲಿದ್ದೆ. ನಮ್ಮೂರು ಸಿರುಗುಪ್ಪ ತಾಲೂಕಿನಲ್ಲಿ, ಕೆಂಚನಗುಡ್ಡದಿಂದ ಸ್ವಲ್ಪ ಕೆಳಗೆ, ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆ ಅಂದರೆ ವರ್ಷವಿಡೀ ತುಂಬಿ ಹರಿಯುತ್ತದೆ ಅಂದುಕೊಂಡವರು ಅದನ್ನು ಏಪ್ರಿಲ್‌ನಲ್ಲಿ ಬಂದು ನೋಡಬೇಕು. ಅಣೆಕಟ್ಟಿನಿಂದ ನೀರು ಬಿಡುವುದು ನಿಂತ ಮೇಲೆ ಹೊಳೆ ತುಂಡು ತುಂಡಾಗುತ್ತದೆ. ಬಂಡೆ, ಮರಳು, ಮುಳ್ಳುಜಾಲಿ, ನಡುವೆ ಅಲ್ಲೊಂದು ಇಲ್ಲೊಂದು ಆಳದ ಮಡು. ಮೀನು, ಆಮೆ, ನೀರುನಾಯಿ, ಎಲ್ಲ ಆ ಮಡುಗಳಲ್ಲಿ ಜೀವ ಹಿಡಿದುಕೊಂಡು ಮಳೆಗಾಲದ ಹೊಸ ನೀರಿಗೆ ಕಾಯುತ್ತವೆ. ಮಡು ಉಳಿದರೆ ಮುಂದಿನ ವರ್ಷ ಹೊಳೆಯುದ್ದಕ್ಕೂ ಮೀನು. ಮಡು ಬತ್ತಿದರೆ ಬರೀ ನೀರು ಬರುತ್ತದೆ.

ಬತ್ತಿಸುತ್ತಿದ್ದವರು ಬೇರೆ ಯಾರೋ ಅಲ್ಲ, ನಾವೇ. ಕಾಲುವೆ ನಿಂತ ಕೂಡಲೇ ಎರಡೂ ದಂಡೆಯ ರೈತರು ಮಡುವಿಗೆ ಪೈಪು ಇಳಿಸಿ ಕಡೆಯ ತೊಟ್ಟಿನ ತನಕ ಹೀರುತ್ತಿದ್ದೆವು. ಇದು ಸಾಕು ಅಂತ ಮೊದಲು ಹೇಳಿದವರು ನಮ್ಮಪ್ಪ ಎರ‍್ರಿಸ್ವಾಮಿ. ಮುಂಗೋಪಿ, ಮಾತು ಕಡಿಮೆ, ಆದರೆ ಆಡಿದ್ದಕ್ಕೆ ಹಿಂದೆ ಸರಿಯದ ಮನುಷ್ಯ. ಆ ಚಳಿಗಾಲವೆಲ್ಲ ತಮ್ಮ ಹಳೇ ಬೈಕಿನಲ್ಲಿ ಈಚೆ ದಂಡೆಯ ಎರಡು ಊರು, ಹರಿಗೋಲಿನಲ್ಲಿ ದಾಟಿ ಆಚೆ ದಂಡೆಯ ಎರಡು ಊರು ಸುತ್ತಿ, ಒಬ್ಬೊಬ್ಬರ ಮನೆಯಲ್ಲಿ ಕೂತು ಚಹಾ ಕುಡಿದು, ಬೈಸಿಕೊಂಡು, ಬೈದು, ಕೊನೆಗೂ ಒಂದು ಸಂಘ ಕಟ್ಟಿದರು. ಕರಾರು ಇಷ್ಟೇ. ಎಲ್ಲರೂ ಬೇಗ ಕೊಯ್ಲಿಗೆ ಬರುವ ಬೆಳೆ ಹಾಕಬೇಕು. ಕಾಲುವೆ ನಿಂತ ದಿನದಿಂದ ಹೊಳೆಗೆ ಹೊಸ ನೀರು ಬರುವ ತನಕ ನಮ್ಮ ಮಡುವಿನಿಂದ ಯಾರೂ ಒಂದು ಕೊಡ ನೀರನ್ನೂ ಮೋಟರಿನಿಂದ ಎತ್ತಬಾರದು.

ಮಾತು ಸರಿ, ಕಾಯುವವರು ಯಾರು? ಆಗ ಸಿರುಗುಪ್ಪದಲ್ಲಿ ಪಂಪು ರಿಪೇರಿ ಮಾಡುವ ಖಾಜಾಸಾಬರು ಒಂದು ದಾರಿ ಹೇಳಿದರು. ಅವರು ಕೈ ಇಡದ ಪಂಪು ನಾಲ್ಕೂ ಊರಲ್ಲಿ ಇರಲಿಲ್ಲ. "ಕಾಯೂದು ಗೀಯೂದು ಬ್ಯಾಡ್ರಿ. ಎಲ್ಲಾರೂ ಫುಟ್‌ವಾಲ್ವ್ ಬಿಚ್ಚಿ ತಂದು ನನ್ನ ಅಂಗಡ್ಯಾಗ ಇಡ್ರಿ. ಅದಿಲ್ಲದ ಮೋಟರ್ ಬರೇ ಗಾಳಿ ಎಳಿತೈತಿ. ಹೊಸ ನೀರು ಬಂದ ದಿನ ತಗೊಂಡು ಹೋಗ್ರಿ," ಎಂದರು. ಹಾಗೇ ಆಯಿತು. ಮೊದಲ ವಾಲ್ವ್ ಬಿಚ್ಚಿ ಕೊಟ್ಟವರು ಅಪ್ಪ. ಖಾಜಾಸಾಬರು ಒಂದೊಂದರ ಮೇಲೂ ಹಳದಿ ಬಣ್ಣದಲ್ಲಿ ಹೆಸರು ಬರೆದು, ಅಂಗಡಿಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ನೇತುಹಾಕಿದರು. ಸಂತೆಗೆ ಹೋದವರೆಲ್ಲ ಒಮ್ಮೆ ಒಳಗೆ ಇಣುಕಿ ಗೋಡೆ ನೋಡಿ ಬರುತ್ತಿದ್ದರು. ಎಲ್ಲರದೂ ಅಲ್ಲೇ ಇದೆಯಲ್ಲ ಎಂದು ಸಮಾಧಾನ. ಹಾಗಂತ ಪಕ್ಕದ ಅಂಗಡಿಯಲ್ಲಿ ಹೊಸ ವಾಲ್ವ್ ಸಿಗುತ್ತಿರಲಿಲ್ಲ ಅಂತಲ್ಲ. ಆದರೆ ಯಾರು ಕೊಂಡರು ಅನ್ನುವುದು ಸಂಜೆಯೊಳಗೆ ನಾಲ್ಕೂ ಊರಿಗೆ ತಿಳಿಯುತ್ತಿತ್ತು. ಮರ್ಯಾದೆಗಿಂತ ದೊಡ್ಡ ಬೀಗ ನಮ್ಮ ಕಡೆ ಇನ್ನೂ ಬಂದಿಲ್ಲ.

ಮಡುವಿನ ಲೆಕ್ಕ ಹುಲಿಗೆಮ್ಮನದು. ಅವಳೂ ಗಂಡನೂ ಆ ಮಡುವಿನ ಮೀನಿನ ಮೇಲೇ ಬದುಕಿದವರು. ದಿನಾ ಬೆಳಿಗ್ಗೆ ನೀರಿನಂಚಿನ ಬಂಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆಯುವಳು. ಮರುದಿನ ನೀರು ಆ ಗೀಟಿನಿಂದ ಎಷ್ಟು ಬೆರಳು ಕೆಳಗೆ ಹೋಗಿದೆ ನೋಡಿ, ಮೀನಿನ ಬುಟ್ಟಿ ಹೊತ್ತು ಸಿರುಗುಪ್ಪದ ಬಸ್ಸಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದು ಹೇಳುವಳು. ಓದಿದವಳೆಂದು ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದ್ದರು. ಅವಳು ಹೇಳಿದ್ದನ್ನು ನಾನು ಪುಸ್ತಕದಲ್ಲಿ ಬರೆಯಬೇಕು, ಹದಿನೈದು ದಿನಕ್ಕೊಮ್ಮೆ ಸಭೆಯಲ್ಲಿ ಓದಬೇಕು. ಆಚೆ ದಂಡೆಯವರಿಗೆ ನಮ್ಮ ಮೇಲೆ ನಂಬಿಕೆ ಬಂದಿದ್ದೇ ಆ ಪುಸ್ತಕದಿಂದ.

"ಇವತ್ತು ಒಂದು ಬೆರಳು ಬರ್ಕೋ ಶಾರಮ್ಮ. ಬಿಸಿಲು ಕುಡದೈತಿ, ಮನಷ್ಯಾರಲ್ಲ," ಎನ್ನುವಳು. ಇಲ್ಲವೇ, "ನೀರುನಾಯಿ ಮತ್ತ ನನ್ನ ಬಲಿ ಹರದಾವ. ಮರಿ ಹಾಕ್ಯಾವ ನೋಡು, ಮೂರು ಅದಾವ. ಹಾಳಾಗಿ ಹೋಗ್ಲಿ," ಎಂದು ಬೈಯುವಳು. ಬೈಗುಳದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ನನಗೆ ನಗು ಬರುತ್ತಿತ್ತು. ಮೇಲಿನ ಊರುಗಳವರು ಬಂದು ನಮ್ಮ ಮಡು ನೋಡಿಕೊಂಡು ಹೋದರು. ಮುಂದಿನ ಬೇಸಿಗೆಗೆ ತಮ್ಮ ಮಡುಗಳನ್ನೂ ಹೀಗೇ ಉಳಿಸುತ್ತೇವೆಂದರು. ಮಡುವಿಂದ ಮಡುವಿಗೆ ಹೊಳೆ ಮತ್ತೆ ಕೂಡಿಕೊಳ್ಳುತ್ತದೆ ಎಂದು ಅಪ್ಪ ಅವತ್ತು ಊಟಕ್ಕೆ ಕೂತಾಗ ಎರಡು ಸಲ ಹೇಳಿದರು. ಒಂದೇ ಮಾತನ್ನು ಎರಡು ಸಲ ಹೇಳುವ ಪೈಕಿ ಅವರಲ್ಲ.

ಆ ವರ್ಷ ಕಾಲುವೆ ಹೇಳಿದ್ದಕ್ಕಿಂತ ಮೊದಲೇ ನಿಂತಿತು. ಉಳಿದವರಿಗೆ ಅಂಥ ತೊಂದರೆಯಾಗಲಿಲ್ಲ, ಅವರ ಬೆಳೆ ಆಗಲೇ ಬಲಿತಿತ್ತು. ಎಲ್ಲರಿಗೂ ಬೇಗ ನಾಟಿ ಮಾಡಿ ಎಂದು ಹೇಳುತ್ತ ಊರೂರು ತಿರುಗಿದ ಅಪ್ಪನ ನಾಟಿಯೇ ಮೂರು ವಾರ ತಡವಾಗಿತ್ತು. ನಮ್ಮ ಭತ್ತ ಇನ್ನೂ ಹಾಲುಗಾಳಿನಲ್ಲಿತ್ತು. ಒಂದು ಸಲ ನೀರು ಸಿಕ್ಕರೆ ಕಾಳು ತುಂಬುತ್ತದೆ, ಇಲ್ಲದಿದ್ದರೆ ಬರೀ ಜೊಳ್ಳು. ಅಪ್ಪ ದಿನಾ ಗದ್ದೆಗೆ ಹೋಗಿ ಬದುವಿನ ಮೇಲೆ ಕೂತು ಬರುತ್ತಿದ್ದರು. ಅವ್ವ ಕೇಳಿದರೆ, "ಏನೈತಿ ನೋಡಾಕ? ಎಲ್ಲಾರಿಗೂ ಒಂದ ಕರಾರು," ಎಂದು ಮಾತು ಮುರಿಯುತ್ತಿದ್ದರು. ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟು ಏಳುವರು. ನೆಲ ಬಿರುಕು ಬಿಡತೊಡಗಿದ ದಿನ ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಸಿರುಗುಪ್ಪಕ್ಕೆ ಹೋದೆ.

ಖಾಜಾಸಾಬರು ಒಂದು ಪಂಪು ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

"ಕಾಕಾ, ಒಂದು ದಿನಕ್ಕ ವಾಲ್ವ್ ಬೇಕಾಗಿತ್ತು."

ಅವರು ಗೋಡೆ ಕಡೆ ನೋಡಿದರು. "ನಿಮ್ಮಪ್ಪ ಕಳಿಸ್ಯಾರೇನು?"

"ಅಪ್ಪಗ ಗೊತ್ತಿಲ್ಲ."

"ತಾಯಿ, ಸಭಾದಾಗ ಕೇಳ್ರಿ. ನಿಮ್ಮಪ್ಪ ಎಲ್ಲಾರ ಸಲುವಾಗಿ ತಿರುಗ್ಯಾಡಿ ತಮ್ಮ ಹೊಲ ಹಿಂದ ಬಿಟ್ಟಾರ. ಯಾರೂ ಇಲ್ಲ ಅನ್ನಂಗಿಲ್ಲ."

"ಅಪ್ಪ ಕೇಳಂಗಿಲ್ಲ ಕಾಕಾ. ನಾ ಕೇಳಿದ್ರೂ ಅಲ್ಲೇ ಎದ್ದು ಹೋಗ್ತಾರ. ಬೆಳಿ ಹೋದ್ರ ಹೋತು. ಅವರು ಊಟ ಬಿಟ್ಟಾರ." ಇಷ್ಟು ಹೇಳಿ ನಾನು ಅತ್ತೆ. ಅಳು ಸುಳ್ಳಲ್ಲ. ಆದರೆ ಅಳು ಕೆಲಸಕ್ಕೆ ಬರುತ್ತದೆ ಅನ್ನುವುದು ಅಳುವಾಗಲೂ ನನಗೆ ಗೊತ್ತಿತ್ತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಖಾಜಾಸಾಬರು ತುಂಬ ಹೊತ್ತು ಗ್ರೀಸು ಹತ್ತಿದ ಕೈ ಒರೆಸಿಕೊಂಡರು. ಗೋಡೆಯ ಮೇಲಿನ ಅಪ್ಪನ ವಾಲ್ವನ್ನು ಮುಟ್ಟಲಿಲ್ಲ. ಮೂಲೆಯ ಡಬ್ಬಿಯಿಂದ ಒಂದು ಹಳೇ ವಾಲ್ವ್ ತೆಗೆದು, ಲಾರಿ ಟಯರಿನ ರಬ್ಬರನ್ನು ಬಿಲ್ಲೆಯಾಗಿ ಕತ್ತರಿಸಿ ಒಳಗೆ ಕೂರಿಸಿ, ಮೂರು ತಾಮ್ರದ ಮೊಳೆ ಬಡಿದು, ಹಳೇ ಪೇಪರಿನಲ್ಲಿ ಸುತ್ತಿಕೊಟ್ಟರು. ಅದರ ಮೇಲೆ ಹೆಸರಿರಲಿಲ್ಲ. "ಒಂದ ನೀರು. ಆಮ್ಯಾಲ ತಂದು ನನ್ನ ಕೈಯಾಗ ಕೊಡಬೇಕು," ಎಂದರು. ಗೋಡೆ ಹಾಗೇ ತುಂಬಿತ್ತು, ಎಲ್ಲ ಹೆಸರೂ ಇದ್ದಲ್ಲೇ ಇದ್ದವು.

ಅಪ್ಪನ ಮುಂದೆ ಪೊಟ್ಟಣ ಬಿಚ್ಚಿಟ್ಟೆ. ಎಲ್ಲಿಂದ ತಂದೆ ಎಂದು ಅವರು ಕೇಳಲಿಲ್ಲ. ಬೈಯುತ್ತಾರೆ, ಎತ್ತಿ ಹೊರಗೆ ಒಗೆಯುತ್ತಾರೆ ಎಂದು ಕಾದೆ, ಒಳಗೊಳಗೇ ಅದನ್ನೇ ಬಯಸಿದೆ ಕೂಡ. ಅವರು ವಾಲ್ವ್ ತಿರುಗಿಸಿ ನೋಡಿ, ಬೆರಳಿನಿಂದ ರಬ್ಬರು ಒತ್ತಿ, "ಗುರುವಾರ ಎಲ್ಲಾರೂ ಮದುವಿಗೆ ಹೊಂಟಾರ," ಎಂದರು ಅಷ್ಟೇ. ಆ ಗುರುವಾರ ಕುರುಗೋಡಿನಲ್ಲಿ ನಮ್ಮೂರವರೊಬ್ಬರ ಮಗಳ ಮದುವೆ. ಊರಿಗೆ ಊರೇ ಟ್ರ್ಯಾಕ್ಟರು ಹತ್ತಿ ಹೋಯಿತು. ಹುಲಿಗೆಮ್ಮ ಸಿರುಗುಪ್ಪದ ಸಂತೆಗೆ ಹೋಗಿದ್ದಳು, ಅವಳ ಗಂಡನೂ ಮದುವೆಯೂಟಕ್ಕೆ ಹೋಗಿದ್ದ. ಅಪ್ಪನಿಗೆ ಮೈ ಸರಿಯಿಲ್ಲವೆಂದು ಹೇಳಿ ನಾನೂ ಅವ್ವನೂ ಹೋದೆವು. ಕುರುಗೋಡಿನ ಬಂಡೆಗುಡ್ಡದ ಕೆಳಗೆ ಹಾಕಿದ ಪೆಂಡಾಲಿನಲ್ಲಿ ಕೂತು ನಾನು ಹೋಳಿಗೆ ತಿಂದೆ. ಕರೆಂಟು ಹೋಗದಿರಲಪ್ಪಾ ಎಂದು ಪ್ರತಿ ತುತ್ತಿಗೂ ಬೇಡಿಕೊಂಡೆ. ಅವತ್ತು ಕರೆಂಟು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಬಂದಳು. ಬುಟ್ಟಿ ಇಳಿಸಲಿಲ್ಲ, ಬಲಗೈ ಎತ್ತಿ ಐದೂ ಬೆರಳು ತೋರಿಸಿದಳು.

"ಐದು ಬೆರಳು ಶಾರಮ್ಮ. ಬಿಸಿಲು ಒಂದ ದಿನದಾಗ ಇಷ್ಟು ಕುಡಿಯಂಗಿಲ್ಲ."

ನಾನು ಪುಸ್ತಕ ತೆಗೆದೆ. ಅವಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹುಲಿಗೆಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ತಾರೀಖು ಬರೆದು, ಅದರ ಮುಂದೆ 1 ಎಂದು ಬರೆದೆ.

"ಬರದೇನು?"

"ಬರದೆ."

"ಸರಿಯಾಗಿ ನೋಡಿ ಬರಿ ನಮ್ಮವ್ವ," ಎಂದು ಹೋದಳು. ಅದಾದ ಮೇಲೆ ದಿನಾ ಬಂದು ಲೆಕ್ಕ ಹೇಳಿದ ಮೇಲೂ ಅವಳು ಒಂದು ಗಳಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಳ್ಳುವುದಕ್ಕಿರಬೇಕು ಎಂದುಕೊಂಡೆ. ನೀರುನಾಯಿಯ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದಳು, ಅದೂ ನನ್ನ ಗಮನಕ್ಕೆ ಬರಲಿಲ್ಲ. ಮನೆಯಲ್ಲಿ ಬೇರೆ ಗಾಬರಿ ಇತ್ತು. ಅವಸರದಲ್ಲಿ ಪೈಪು ಎಳೆಯುವಾಗ ವಾಲ್ವ್ ಕಳಚಿ ಮಡುವಿಗೆ ಬಿದ್ದಿತ್ತು. ಅಪ್ಪ ಕೆಸರಲ್ಲಿ ಕೈಯಾಡಿಸಿ ಕೈಯಾಡಿಸಿ ಬರಿಗೈಲಿ ಬಂದಿದ್ದರು. ಖಾಜಾಸಾಬರಿಗೆ ಏನು ಹೇಳುವುದೆಂದು ತಿಳಿಯದೆ ನಾನು ಸಿರುಗುಪ್ಪದ ಕಡೆ ತಲೆಯೇ ಹಾಕಲಿಲ್ಲ.

ಎಂಟು ದಿನ ಕಳೆದು ಸಭೆ ಸೇರಿತು, ನಮ್ಮೂರ ಬೇವಿನಮರದ ಕಟ್ಟೆಯಲ್ಲಿ, ಸಂಜೆ ನಾಲ್ಕಕ್ಕೆ. ಆಚೆ ದಂಡೆಯವರೂ ಖಾಜಾಸಾಬರೂ ಬಂದಿದ್ದರು. ಹುಲಿಗೆಮ್ಮ ಬಂದು ಸೆರಗಿನಿಂದ ವಾಲ್ವ್ ತೆಗೆದು ಕಟ್ಟೆಯ ಮೇಲಿಟ್ಟಳು. ಇನ್ನೂ ಕೆಸರು ಮೆತ್ತಿತ್ತು. "ಮಡುವಿನಾಗ ಕಾಲಿಗೆ ಸಿಕ್ಕೈತಿ," ಎಂದಳು.

ಎಲ್ಲರೂ ಒಮ್ಮೆಗೇ ಎದ್ದು ನಿಂತರು. ಆಚೆ ದಂಡೆಯ ಹಿರಿಯರೊಬ್ಬರು ಕೈಯೆತ್ತಿ ತಡೆದು ನನ್ನ ಕಡೆ ತಿರುಗಿದರು. "ತಂಗಿ, ಪುಸ್ತಕ ಓದವ್ವ. ನೀರು ಎತ್ತಿದ್ರ ಅದರಾಗ ಗೊತ್ತಾಕ್ಕತಿ."

ನಾನು ಓದಿದೆ. ಒಂದು, ಒಂದು, ಅರ್ಧ, ಒಂದು. ಗುರುವಾರದ ಮರುದಿನದ್ದೂ ಒಂದು. ಓದುವಾಗ ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದಳು. ಓದಿ ಮುಗಿಸಿದ ಮೇಲೆ ಕಣ್ಣು ಕೆಳಗೆ ಹಾಕಿದಳು. ಹಾಗಾದರೆ ಪುಸ್ತಕವೂ ಸುಳ್ಳೇ ಎಂದು ಯಾರೂ ಅನ್ನಲಿಲ್ಲ, ಎರ‍್ರಿಸ್ವಾಮಿಯ ಮಗಳು ಸುಳ್ಳು ಬರೆಯುತ್ತಾಳೆಂದು ಯಾರಿಗೆ ಹೊಳೆಯಬೇಕು? ಯಾರೋ ವಾಲ್ವ್ ತೊಳೆದರು. ಲಾರಿ ಟಯರಿನ ರಬ್ಬರು, ಮೂರು ತಾಮ್ರದ ಮೊಳೆ. ಅದು ಯಾರ ಕೈಕೆಲಸವೆಂದು ಹೇಳುವುದೇ ಬೇಕಾಗಿರಲಿಲ್ಲ. ಒಂದೇ ಗಳಿಗೆಯಲ್ಲಿ ಎಲ್ಲರ ತಲೆ ಖಾಜಾಸಾಬರ ಕಡೆ ತಿರುಗಿತು.

"ನನ್ನದ. ನಾನ ಕೊಟ್ಟೀನಿ," ಎಂದರು ಅವರು.

"ಯಾರಿಗೆ?"

"ಅದು ಕೇಳಬ್ಯಾಡ್ರಿ. ತಪ್ಪು ನಂದು."

"ರೊಕ್ಕ ತಿಂದು ಕೊಟ್ಟೀಯೇನು?" ಎಂದು ಹಿಂದಿನಿಂದ ಒಬ್ಬ ಕೂಗಿದ. ಖಾಜಾಸಾಬರ ಮುಖ ಬಿಳಿಚಿಕೊಂಡಿತು. ಅವರು ನನ್ನ ಕಡೆ ನೋಡಲೇ ಇಲ್ಲ. ಒಂದು ಸಲ ನೋಡಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಎದ್ದು ನಿಲ್ಲುತ್ತಿರಲಿಲ್ಲ. ಅಪ್ಪ ಕಟ್ಟೆಯ ತುದಿಯಲ್ಲಿ ಚಪ್ಪಲಿ ನೋಡುತ್ತ ಕೂತಿದ್ದರು. ನಾನು ಪೆನ್ನು ಹಿಡಿದು, "ಮೆಕ್ಯಾನಿಕ್ ಖಾಜಾಸಾಬ್ ಅವರು ತಪ್ಪು ಒಪ್ಪಿಕೊಂಡಿರುತ್ತಾರೆ," ಎಂದು ದುಂಡಗೆ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು.

ಮರುದಿನ ಎಲ್ಲರೂ ಅಂಗಡಿಗೆ ನುಗ್ಗಿದರು. ಖಾಜಾಸಾಬರು ಜಗಳವಾಡಲಿಲ್ಲ. ಒಂದೊಂದೇ ವಾಲ್ವ್ ಮೊಳೆಯಿಂದ ಇಳಿಸಿ, ಧೂಳು ಒರೆಸಿ, ತಿರುಪಿಗೆ ಗ್ರೀಸು ಹಚ್ಚಿ, ಹೆಸರು ಓದಿ ಕೈಗೆ ಕೊಟ್ಟರಂತೆ. ಅವತ್ತು ಮಧ್ಯಾಹ್ನಕ್ಕೆ ಎರಡೂ ದಂಡೆಯಲ್ಲಿ ಮೋಟರುಗಳು ಶುರುವಾದವು. ಬೆಳೆಗೆ ನೀರು ಬೇಕಿಲ್ಲದವರೂ ಹಾಕಿದರು, ಆಚೆಯವನು ಎತ್ತುತ್ತಾನೆ ನಾನೇಕೆ ಬಿಡಲಿ ಎಂದು ಬರೀ ಕೂಳೆಯ ಹೊಲಕ್ಕೆ ಹರಿಸಿದರು. ಒಂದು ವಾರದೊಳಗೆ ಮಡು ಬತ್ತಿತು. ಒಳಗೆ ಬಾಳೆಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಬಿಡುತ್ತಿದ್ದವು. ಜನ ಬುಟ್ಟಿ, ಬಕೆಟ್ಟು, ಕೊನೆಗೆ ಹಾಸಿಗೆಯ ಚಾದರ ತಂದು ತುಂಬಿಕೊಂಡು ಹೋದರು. ಉಳಿದದ್ದಕ್ಕೆ ಕಾಗೆ, ಬೆಳ್ಳಕ್ಕಿ. ನೀರುನಾಯಿಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ. ಹುಲಿಗೆಮ್ಮ ಇದ್ದಿಲಿನ ಗೀಟುಗಳಿದ್ದ ಬಂಡೆಯ ಮೇಲೆ ಕೂತಿದ್ದಳು, ಒಂದು ಮೀನನ್ನೂ ಎತ್ತಿಕೊಳ್ಳಲಿಲ್ಲ. ಊರಿಡೀ ಹದಿನೈದು ದಿನ ಕೊಳೆತ ವಾಸನೆ. ನಮ್ಮ ಮನೆಯ ಕಿಟಕಿ ಹೊಳೆಯ ಕಡೆಗೇ ಇತ್ತು.

ನಮ್ಮ ಭತ್ತ ಚೆನ್ನಾಗಿ ಬಂತು. ಕಾಳು ತುಂಬಿ ತೆನೆ ಬಾಗಿತ್ತು. ಆ ಅಕ್ಕಿಯ ಅನ್ನವನ್ನು ನಾವು ಮೂವರೂ ವರ್ಷವಿಡೀ ಉಂಡೆವು. ಅಪ್ಪ ಮತ್ತೆ ಯಾವ ಕಟ್ಟೆಯ ಮೇಲೂ ಕೂರಲಿಲ್ಲ. ಮಳೆಗಾಲಕ್ಕೆ ಹೊಳೆ ಕೆಂಪಗೆ ತುಂಬಿ ಬಂತು, ಮೀನು ಬರಲಿಲ್ಲ. ಮೇಲಿನ ಊರವರು ತಮ್ಮ ಮಡುಗಳ ಮಾತು ಬಿಟ್ಟರು. ಆ ಊರಲ್ಲಿ ಏನಾಯಿತು ನೋಡಿದಿರಲ್ಲ ಎನ್ನುವುದೇ ಎಲ್ಲರ ಉತ್ತರವಾಯಿತು. ಹುಲಿಗೆಮ್ಮನೂ ಗಂಡನೂ ಹರಿಗೋಲು ಬೋರಲು ಹಾಕಿ ಬಳ್ಳಾರಿಗೆ ಹೋದರು.

ನೌಕರಿ ಆರ್ಡರ್ ಬಂದಾಗ ಖಾಜಾಸಾಬರ ಅಂಗಡಿಗೆ ಪೇಡೆ ತೆಗೆದುಕೊಂಡು ಹೋದೆ. ನಿಜ ಹೇಳುತ್ತೇನೆಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಗೋಡೆಯ ಮೇಲೆ ಮೊಳೆಗಳಷ್ಟೇ ಇದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು, "ಬ್ಯಾಡ ತಾಯಿ. ನಿಮ್ಮಪ್ಪ ನಾಕು ಮಂದ್ಯಾಗ ತಲಿ ಎತ್ತಿ ನಿಲ್ಲೂ ಮನಷ್ಯಾ. ನಂದೇನೈತಿ, ತಲಿ ಬಗ್ಗಿಸಿ ಮಾಡೂ ಕೆಲಸ," ಎಂದರು. ಪೇಡೆ ತಿಂದರು. ನನಗೆ ಹಗುರಾಯಿತು, ನಾಚಿಕೆಗೇಡು. ಅವರ ಹತ್ತಿರ ಪಂಪು ತರುವವರು ಕಡಿಮೆಯಾಗಿದ್ದರು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿತು, ಅದಾದ ಮುಂದಿನ ರಂಜಾನಿಗೆ ಮೊದಲೇ ಅವರು ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ. ಅಪ್ಪ ಹೋದರು, ಎಲ್ಲರಿಗಿಂತ ಹಿಂದೆ ನಿಂತಿದ್ದರಂತೆ. ಈಗ ಅಪ್ಪನೂ ಇಲ್ಲ.

ಶಾಲೆಯ ಬಾವಿ ರಿಪೇರಿಯಾದ ಮುಂದಿನ ಭಾನುವಾರ ನಾನು ಟ್ರಂಕಿನ ತಳದಿಂದ ಆ ಪುಸ್ತಕ ತೆಗೆದೆ. ಹುಲಿಗೆಮ್ಮ ಬಳ್ಳಾರಿ ಮಾರ್ಕೆಟ್ಟಿನಲ್ಲಿ ಮೀನು ಮಾರುವುದು ನನಗೆ ಗೊತ್ತಿತ್ತು. ಅವಳಿರುವ ಸಾಲನ್ನು ಬಿಟ್ಟು ಬಳಸಿಕೊಂಡು ಹೋಗಿ ತರಕಾರಿ ತರುತ್ತಿದ್ದೆ. ಅವತ್ತು ನೇರ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಆಂಧ್ರದ ಕೆರೆಗಳಿಂದ ಲಾರಿಯಲ್ಲಿ ಬಂದ ಐಸಿನ ಮೀನುಗಳ ಹಿಂದೆ ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

ನಾನು ಪುಸ್ತಕ ತೆರೆದು ಆ ಸಾಲು ತೋರಿಸಿ ಎಲ್ಲವನ್ನೂ ಹೇಳಿದೆ. ವಾಲ್ವ್, ಅಪ್ಪ, ಮದುವೆ, ಖಾಜಾಸಾಬರು. ಹೇಳುತ್ತ ಅತ್ತೆ. ಅವಳು ಮೀನಿನ ಮೇಲಿನ ಐಸು ಸರಿಮಾಡುತ್ತ ಕೇಳಿದಳು.

"ಗೊತ್ತೈತಿ," ಎಂದಳು. "ಆ ವಾಲ್ವ್ ನನಗ ಎಂಟನೇ ದಿನ ಸಿಕ್ಕಿದ್ದಲ್ಲ ಶಾರಮ್ಮ, ಮರುದಿನಾನ ಸಿಕ್ಕಿತ್ತು. ಬುಟ್ಟ್ಯಾಗ ಮೀನಿನ ಕೆಳಗ ಇಟ್ಕೊಂಡ ನಿಮ್ಮನಿಗೆ ಬಂದಿದ್ದೆ."

ಅವಳು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

"ನೀ ಒಂದು ಬರದಿ. ನನಗ ಅಕ್ಷರ ಬರಂಗಿಲ್ಲ, ಅಂಕಿ ಬರ್ತಾವ. ತಕ್ಕಡಿ ಹಿಡಿಯಾಕಿಗೆ ಅಂಕಿ ಬರಲಿಲ್ಲಂದ್ರ ಹೊಟ್ಟಿ ಹೆಂಗ ತುಂಬತೈತಿ? ಐದು ಬರಿಯಾಕ ಕೈ ತಿರುಗಬೇಕು. ನಿನ್ನ ಕೈ ಒಂದು ಗೀಟು ಎಳದು ನಿಂತುಬಿಡ್ತು. ಓದಿದ ಹುಡಿಗಿ, ಮನಸ್ಸು ತಡೀಲಾರದ ನಾಳಿ ತಿದ್ದತಾಳ ಅಂದ್ಕೊಂಡೆ. ದಿನಾ ಬಾಗಲದಾಗ ನಿಂತು ನೋಡ್ದೆ. ಎಂಟು ದಿನ ನೋಡ್ದೆ. ಕಟ್ಟಿ ಮ್ಯಾಲ ಓದುವಾಗಾದ್ರೂ ಸರಿ ಓದ್ತಾಳ ಅಂತ ಅದನ್ನ ತಂದು ಇಟ್ಟೆ."

ನಾನು ಬ್ಯಾಗಿನಲ್ಲಿ ಪೆನ್ನು ಹುಡುಕಿದೆ. "ಈಗ ತಿದ್ದಲೇನಮ್ಮ?" ಎಂದೆ. ಎಂಥ ಹುಚ್ಚು ಮಾತು ಅದು.

ಅವಳು ಒದ್ದೆ ಕೈಯಿಂದ ಪುಸ್ತಕ ಮುಚ್ಚಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಮೀನಿನ ರೇಟು ಕೇಳಿದರು. ಹುಲಿಗೆಮ್ಮ ಅವರ ಕಡೆ ತಿರುಗುವ ಮೊದಲು, ಅವತ್ತಿನ ಹಾಗೆಯೇ ಬಲಗೈ ಎತ್ತಿ ಐದೂ ಬೆರಳು ನನ್ನ ಮುಖದ ಮುಂದೆ ಹಿಡಿದಳು.

"ಇಷ್ಟ ನೀರು ಅಲ್ಲೇನು? ಕೇಳಿದ್ರ ನಾನ ಕೊಡ್ತಿದ್ದೆ."